ಹಲಗೆ ನೆಲದ ಕ್ಯಾತಪ್ಪ

ಕ್ಯಾತಪ್ಪನನ್ನು ಮಾಲು ಅಂತ ನೋಡಿದರೆ ನಮ್ಮ ಕೊಬ್ಬರಿ ಮಾರುಕಟ್ಟೆಯಲ್ಲಿ ಯಾರೂ ಮೊದಲ ಸವಾಲು ಕೂಗುವುದಿಲ್ಲ. ಆಳು ಕುಳ್ಳು, ಬಣ್ಣ ಹೊಗೆ ಹಿಡಿದ ಕರಟದ್ದು. ಬಟ್ಟೆ ನೋಡಿ ಬೆಲೆ ಕಟ್ಟೋಣವೆಂದರೆ ಅವನು ಹಾಕಿಕೊಳ್ಳುವುದೆಲ್ಲ ಯಾರೋ ಕೊಟ್ಟದ್ದು. ಅಂಗಿಯೊಳಗೆ ಇನ್ನೊಬ್ಬ ಹಿಡಿಸುವಷ್ಟು ಜಾಗ ಇರುತ್ತದೆ. ಕಾಯಿಯೊಳಗೇ ಇಡಿಯಾಗಿ ಒಣಗುವ ಗಿಟುಕು ಕೊಬ್ಬರಿಯನ್ನು ನಾವು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತೇವೆ. ಒಳಗೆ ಲೊಟಲೊಟ ಅಂದರೆ ಒಣಗಿದೆ, ಅನ್ನದಿದ್ದರೆ ಇನ್ನೂ ನೀರಿದೆ. ಕ್ಯಾತಪ್ಪನನ್ನು ಎಷ್ಟು ಅಲ್ಲಾಡಿಸಿದರೂ ಸದ್ದು ಬರುವುದಿಲ್ಲ. ಇಂಥವರ ಜೊತೆ ವ್ಯಾಪಾರ ಕಷ್ಟ.

ಅವನಲ್ಲಿ ನೋಡುವಂಥದ್ದು ಮಂಡಿಗಳು. ಎತ್ತಿನ ಹೆಗಲಿನ ಹಾಗೆ ಜಡ್ಡುಗಟ್ಟಿ ಹೊಳೆಯುತ್ತವೆ. ನಾನು ಮಂಡಿ ಇಟ್ಟು ಬದುಕಿದವನು, ಅವನು ಮಂಡಿ ಊರಿ ಬದುಕಿದವನು; ನಮ್ಮಿಬ್ಬರ ಕಸುಬಿನ ವ್ಯತ್ಯಾಸ ಅಷ್ಟೇ ಅಂತ ಅವನನ್ನು ರೇಗಿಸುತ್ತಿದ್ದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಹಳೇ ಮನೆಗಳಲ್ಲಿ ಮಹಡಿಗೆ ಹಾಕಿದ ಹಲಗೆಯ ನೆಲ ಸವೆದು ಹಾಳಾಗಿದ್ದರೆ ಅದನ್ನು ಹೆರೆದು, ತಿದ್ದಿ, ಎಣ್ಣೆ ಕುಡಿಸಿ ಮತ್ತೆ ಹೊಸದು ಮಾಡುವುದು ಅವನ ಕೆಲಸ. ಅಂಥ ಮನೆಗಳೇ ಈಗ ಬೆರಳೆಣಿಕೆ. ಹಾಗಾಗಿ ಅವನ ಕಸುಬಿಗೆ ಪೈಪೋಟಿ ಇಲ್ಲ, ಗಿರಾಕಿಯೂ ಇಲ್ಲ.

ನಮ್ಮ ಮನೆ ತಿಪಟೂರಿನ ಹಳೇ ಬೀದಿಯಲ್ಲಿದೆ. ಕೆಳಗೆ ಕೊಬ್ಬರಿ ಮಂಡಿ, ಮೇಲೆ ಸಂಸಾರ. ಮಹಡಿಗೆ ಹೊನ್ನೆ ಹಲಗೆಯ ನೆಲ, ನಮ್ಮ ತಾತ ಹಾಕಿಸಿದ್ದು. ಮೂರು ತಲೆಮಾರಿನ ಕಾಲು ಓಡಾಡಿ ಮೆಟ್ಟಿಲ ಬಾಯಲ್ಲಿ ತಗ್ಗಾಗಿತ್ತು. ಹಲಗೆ ಸವೆದು ಗಂಟುಗಳು ಮಾತ್ರ ಎದ್ದು ನಿಂತಿದ್ದವು. ನಮ್ಮ ಮನೆಯವಳು ಯಮುನಾ ಅದಕ್ಕೆ ಹಬ್ಬಹಬ್ಬಕ್ಕೂ ತೆಂಗಿನೆಣ್ಣೆ ತಿಕ್ಕಿಸುತ್ತಿದ್ದಳು. ತೆಂಗಿನ ಸೀಮೆಯವರ ಬುದ್ಧಿಯೇ ಅಷ್ಟು. ತಲೆ ಉರಿದರೂ, ಬಾಗಿಲು ಕಿರ್ ಅಂದರೂ, ಮಗು ಅತ್ತರೂ ಅದೇ ಎಣ್ಣೆ. ಅದು ಹಲಗೆಯ ಮೇಲೆ ಹಾಗೇ ಕೂತು, ಧೂಳು ಹಿಡಿದು, ಅಂಟಾಗಿ, ಇರುವೆ ಮುತ್ತಿತು. ಊಟಕ್ಕೆ ಬಂದ ಬೀಗರೊಬ್ಬರು ಪಂಚೆಯನ್ನು ನೆಲದಿಂದ ಬಿಡಿಸಿಕೊಂಡು ಏಳಬೇಕಾಯಿತು. ಟೈಲ್ಸ್ ಹಾಕಿಸುತ್ತೇನೆ ಅಂದೆ. ಹಾಕಿಸಿದರೆ ತವರಿಗೆ ಹೋಗುತ್ತೇನೆ ಅಂದಳು. ಎರಡರ ಖರ್ಚನ್ನೂ ತೂಗಿ ನೋಡಿ ಕ್ಯಾತಪ್ಪನಿಗೆ ಹೇಳಿ ಕಳಿಸಿದೆ.

ಅವನು ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಬಂದು, ಮಂಡಿ ಊರಿ, ಉಗುರಿನಿಂದ ನೆಲ ಗೀರಿ ಮೂಸಿದ.

"ಅಮ್ಮಾರೆ, ಇದ್ಕೆ ತೆಂಗಿನೆಣ್ಣೆ ಹಾಕಿದೀರಾ?"

"ಹಾಕಿದೀನಿ. ಮನೇದೇ ಎಣ್ಣೆ ಕಣಪ್ಪ, ಕಲಬೆರಕೆ ಅಲ್ಲ," ಅಂದಳು ಯಮುನಾ.

"ಒಳ್ಳೇದೇ ಕಣಮ್ಮ. ಆದ್ರೆ ಅದು ಒಣಗೋ ಎಣ್ಣೆ ಅಲ್ಲ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹಸಿಯಾಗೇ ಇರ್ತದೆ. ನೆಲಕ್ಕೆ ಅಗಸೆ ಎಣ್ಣೆ ಆಗ್ಬೇಕು."

"ತಿಪಟೂರಲ್ಲಿ ನಿಂತ್ಕೊಂಡು ತೆಂಗಿನೆಣ್ಣೆ ಬೈತೀಯಲ್ಲೋ," ಅಂದೆ ನಾನು. "ಯಾರಾದ್ರೂ ಕೇಳಿಸ್ಕೊಂಡ್ರೆ ಬಸ್ಸಿಗೂ ಹತ್ತಿಸಲ್ಲ."

"ನಾನೆಲ್ಲಿ ನಿಂತಿದೀನಿ ಸಾವ್ಕಾರ್ರೆ, ಮಂಡಿ ಊರಿದೀನಿ," ಅಂದ.

ಕೆಲಸ ಶುರುವಾಯಿತು. ಬಿಸಿ ಬೂದಿಗೆ ಸುಣ್ಣದ ಪುಡಿ ಬೆರೆಸಿ ಹಲಗೆಯ ಮೇಲೆ ಹರಡುತ್ತಿದ್ದ. ಬೂದಿ ಎಣ್ಣೆ ಕುಡಿದು ಕಪ್ಪಾದ ಮೇಲೆ ಗುಡಿಸಿ, ಮತ್ತೆ ಹರಡುತ್ತಿದ್ದ. ಎಣ್ಣೆ ಬಿಟ್ಟ ಹಲಗೆಯನ್ನು ಒಡೆದ ಗಾಜಿನ ಅಂಚಿನಿಂದ ಎಳೆ ಹೋದ ದಿಕ್ಕಿಗೇ ಹೆರೆಯುತ್ತಿದ್ದ, ಆಮೇಲೆ ಉಪ್ಪುಕಾಗದ ಹಾಕಿ ತಿಕ್ಕುತ್ತಿದ್ದ. ಮಷೀನು ತರಬಾರದೇನೋ ಅಂದರೆ, ಮಷೀನಿಗೆ ಗಂಟು ಯಾವುದು ಹಲಗೆ ಯಾವುದು ಅಂತ ಗೊತ್ತಾಗಲ್ಲ, ಎಲ್ಲಾನೂ ತಿಂದುಬಿಡ್ತದೆ ಅಂದ. ಬಿರುಕಿಗೆ ಅದೇ ಮರದ ಹೊಟ್ಟನ್ನು ಗೋಂದಿನಲ್ಲಿ ಕಲಸಿ ತುಂಬಿದ.

ಒಂದು ವಿಚಿತ್ರ ನೋಡಿದೆ. ಒಂದೊಂದು ಹಲಗೆ ಮುಗಿದಾಗಲೂ ಚೀಲದಿಂದ ಹಳೇ ಸೀರೆಯ ತುಂಡು ತೆಗೆದು, ಅದರ ಮೇಲೆ ಕೈ ಒತ್ತಿ, ಹಲಗೆಯ ಉದ್ದಕ್ಕೂ ಎಳೆಯುತ್ತಿದ್ದ. ನೂಲು ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಮತ್ತೆ ಹೆರೆಯುತ್ತಿದ್ದ.

"ಯಾರ ಸೀರೆಯಪ್ಪ ಅದು, ಊರೆಲ್ಲ ನೆಲದ ಮೇಲೆ ಎಳೀತಿದೀಯ?"

"ನಮ್ಮನೇವಳ್ದು. ಅವ್ಳು ಕೂತ್ಕಂಡೇ ಓಡಾಡ್ತಾಳೆ, ಸಾವ್ಕಾರ್ರೆ. ಸಿಬಿರು ಎಲ್ಲೈತೆ ಅಂತ ಕೈಗಿಂತ ಸೀರೆಗೇ ಬೇಗ ಗೊತ್ತಾಗ್ತದೆ."

ಹೀಗೆ ಅವನ ಕಥೆ ಒಂದಿಷ್ಟು ಹೊರಗೆ ಬಂತು. ಅವನದು ಕೆಂಕೆರೆಯ ಆಚೆ, ಕುರಿ ಸಾಕುವವರ ಹಟ್ಟಿ. ಮದುವೆಯಾದ ಹೊಸದರಲ್ಲಿ ಅವನ ಹೆಂಡತಿ ಕಾಳಕ್ಕ ಕುರಿ ರೊಪ್ಪದೊಳಗೆ ಮರಿ ಹಿಡಿಯಲು ಬಗ್ಗಿದ್ದಾಗ ಅವರದೇ ಟಗರು ಹಿಂದಿನಿಂದ ಗುದ್ದಿತು. ಸೊಂಟದ ಮೂಳೆ ಮುರಿಯಿತು, ಕಟ್ಟಿಸಿದರೂ ಕೂಡಲಿಲ್ಲ. ಎರಡು ಕೈ ಊರಿ, ಕುಂಡಿಯ ಮೇಲೆ ಸರಿಯುತ್ತಾ ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ಓಡಾಡುವುದೇ ಅವಳ ನಡಿಗೆಯಾಯಿತು. ಅವಳನ್ನು ಬಿಟ್ಟು ಮಂದೆಯ ಹಿಂದೆ ತಿಂಗಳುಗಟ್ಟಲೆ ಊರೂರು ಹೋಗುವ ಹಾಗಿರಲಿಲ್ಲ. ಕುರಿ ಮಾರಿ, ಚಿಕ್ಕನಾಯಕನಹಳ್ಳಿಯ ಒಬ್ಬ ಆಚಾರ್ರ ಹತ್ತಿರ ಹಲಗೆ ಹೆರೆಯಲು ಸೇರಿಕೊಂಡ. ಮಕ್ಕಳಾಗಲಿಲ್ಲ.

"ನಮ್ಮನೆ ನೆಲ ಸಗಣಿ ಸಾರ್ಸಿದ್ದು. ಮಳೆಗಾಲ ಬಂದ್ರೆ ಕೆಳಗಿಂದ ತೇವ ಏಳ್ತದೆ. ತೊಡೆಯೆಲ್ಲ ಹುಣ್ಣಾಗ್ತದೆ ಅವ್ಳಿಗೆ. ದಮ್ಮು ಬೇರೆ."

"ಮಂಚ ಮಾಡ್ಸು."

"ಮಂಚದ ಮ್ಯಾಲೆ ಕೂರ್ಸಿದ್ರೆ ಇಳಿಸೋಕೆ ಇನ್ನೊಬ್ರು ಬೇಕು. ಅವ್ಳ ಓಡಾಟ ನಿಂತೋಗ್ತದೆ. ಅವ್ಳಿಗೆ ಬೇಕಾಗಿರೋದು ನೆಲ."

ಆಗ ನಮ್ಮ ಅಡಿಗೆಮನೆಯ ಮೇಲಿನ ಅಟ್ಟ ಬಿಚ್ಚಿಸುತ್ತಿದ್ದೆವು. ತೆಂಗಿನಕಾಯಿ ತುಂಬಿಟ್ಟು ಗಿಟುಕು ಮಾಡುತ್ತಿದ್ದ ಅಟ್ಟ. ಈಗ ಕಾಯಿಯೆಲ್ಲ ತೋಟದ ಗೋದಾಮಿಗೆ ಹೋಗುತ್ತವೆ. ಹಲಸಿನ ಹಲಗೆಗಳು ಹಿತ್ತಲಲ್ಲಿ ಬಿದ್ದಿದ್ದವು. ಕ್ಯಾತಪ್ಪ ಕೂಲಿಯ ಬದಲು ಅವನ್ನು ಕೊಡಿ ಅಂದ. ಕೇಳಿದ ಕೂಡಲೇ ಅವುಗಳ ಬೆಲೆ ನನ್ನ ಬಾಯಲ್ಲಿ ಏರಿತು.

"ಹಲಸು ಕಣಪ್ಪ. ಇಂಥ ಹಲಗೆ ಇವತ್ತು ಎಲ್ಲಿ ಸಿಗುತ್ತೆ? ಎಷ್ಟು ಜನ ಕೇಳಿಕೊಂಡು ಹೋದರು."

ಒಳಗಿನಿಂದ ಯಮುನಾ ಅಂದಳು: "ನಿನ್ನೆ ನೀರೊಲೆಗೆ ಹಾಕು ಅಂದ್ರಲ್ಲ, ಅವೇನಾ?"

ಕ್ಯಾತಪ್ಪ ನಗಲಿಲ್ಲ. ನಕ್ಕಿದ್ದರೆ ಇನ್ನೊಂದು ಸುತ್ತು ಚೌಕಾಸಿ ಮಾಡುತ್ತಿದ್ದೆ. ನಮ್ಮ ಮಹಡಿಗೆ ಎರಡು ಕೈ ಎಣ್ಣೆ ಹಾಕಿ, ಮಳೆಗಾಲ ಪೂರ್ತಿ ಕುಡಿಯಲಿ, ಕೊನೇ ಕೈಯನ್ನು ದೀಪಾವಳಿ ಕಳೆದು ಬಂದು ಹಾಕ್ತೀನಿ ಅಂತ ಹೇಳಿ, ಹಲಗೆಗಳನ್ನು ನಮ್ಮದೇ ಟೆಂಪೋದಲ್ಲಿ ಹೇರಿಕೊಂಡು ಹೋದ.

ಮುಂಗಾರು ಹಿಡಿದ ಮೇಲೆ ಆ ಕಡೆ ತೋಟ ನೋಡಲು ಹೋದವನು ಹಟ್ಟಿಗೂ ಹೋದೆ. ಒಂದೇ ಅಂಕಣದ ಮನೆ. ಒಳಗೆ ಕಾಲಿಡಲು ನನಗೇ ಸಂಕೋಚವಾಯಿತು. ನಮ್ಮ ಅಟ್ಟದ ಜಿಡ್ಡು ಹಲಗೆಗಳು ಅರಿಶಿನ ಹಚ್ಚಿದ ಹಾಗೆ ಕೂತಿದ್ದವು. ಒಂದು ಮೊಳೆ ಇಲ್ಲ. ಒಂದು ಹಲಗೆಯ ಅಂಚಿನ ನಾಲಿಗೆ ಪಕ್ಕದ್ದರ ಸಂದಿಯೊಳಗೆ ಹೋಗಿ, ಅದರದು ಅದರ ಪಕ್ಕದ್ದರೊಳಗೆ ಹೋಗಿ, ಒಲೆಯ ಗೋಡೆಯಿಂದ ಬಾಗಿಲವರೆಗೆ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಮೊಳೆ ಹೊಡೆದರೆ ಎಂದಾದರೂ ತಲೆ ಎತ್ತುತ್ತದೆ, ಅವಳ ಸೀರೆ ಹಿಡಿಯುತ್ತದೆ ಅಂತ.

ಕಾಳಕ್ಕ ಒಲೆಯ ಹತ್ತಿರದಿಂದ ಸರ್ರನೆ ಜಾರಿಕೊಂಡು ಬಾಗಿಲಿಗೆ ಬಂದಳು. ಕಡ್ಡಿಯಂಥ ಹೆಂಗಸು, ದೊಡ್ಡ ದನಿ.

"ಬನ್ನಿ ಸಾವ್ಕಾರ್ರೆ. ನಿಮ್ಮನೆ ಅಟ್ಟದ ಮ್ಯಾಲೆ ತೆಂಗಿನ್ಕಾಯಿ ಮಲಗ್ತಿದ್ವಂತೆ, ಈಗ ನಾನು ಮಲಗ್ತೀನಿ. ವರ್ಸ ತುಂಬೋ ಹೊತ್ಗೆ ನಾನೂ ಗಿಟುಕಾಗ್ತೀನೇನೋ."

"ಆಗು, ಒಳ್ಳೇ ರೇಟಿದೆ," ಅಂದೆ.

"ಈವಯ್ಯ ಮಾರಲ್ಲ ಬುಡಿ. ಟಗರು ಮಾರಿದ್ಕೇ ಇನ್ನೂ ಅಳ್ತಾನೆ."

"ಲೇ, ಸುಮ್ನಿರೇ," ಅಂದ ಕ್ಯಾತಪ್ಪ. ಅವನ ಮುಖದಲ್ಲಿ ನಗು ನೋಡಿದ್ದು ಅದೊಂದೇ ಸಲ.

ದೀಪಾವಳಿ ಹೋಯಿತು, ಕಾರ್ತೀಕ ಹೋಯಿತು, ಕ್ಯಾತಪ್ಪ ಕೊನೇ ಕೈ ಹಾಕಲು ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಹಲಗೆ ಕೈಗೆ ಬಂತು, ಮರೆತ ಅಂದುಕೊಂಡು ಪುಷ್ಯದ ಒಂದು ಮಧ್ಯಾಹ್ನ ಬೈಯುವುದಕ್ಕೆಂದೇ ಹಟ್ಟಿಗೆ ಹೋದೆ. ಬಾಗಿಲಲ್ಲಿ ಜನ ನಿಂತಿದ್ದರು. ಚಪ್ಪಲಿ ಬಿಟ್ಟು ಒಳಗೆ ಹೋದೆ.

ಕಾಳಕ್ಕ ಒಲೆಯ ಗೋಡೆಗೆ ಒತ್ತಿಕೊಂಡು ಹಲಗೆಯ ಮೇಲೆ ಮಲಗಿದ್ದಳು. ಉಸಿರು ದೂರದೂರ ಬರುತ್ತಿತ್ತು. ಹುಳಿಯಾರಿನ ಡಾಕ್ಟರು ಮನೆಗೆ ಕರಕೊಂಡು ಹೋಗಿ ಅಂದಿದ್ದರಂತೆ. ಪಕ್ಕದಲ್ಲಿ ಕೂತಿದ್ದ ಹಿರಿಯ ದೊಡ್ಡರಂಗಯ್ಯ, ಅವಳ ಸೋದರಮಾವ.

"ಕ್ಯಾತಾ, ಹೊತ್ತಾಯ್ತದೆ. ನೆಲಕ್ಕಿಳಿಸ್ಬೇಕು ಕಣ್ಲಾ," ಅಂದ.

ನಮ್ಮಲ್ಲಿ ಪ್ರಾಣ ಹೋಗುವವರನ್ನು ಮಂಚದ ಮೇಲೆ ಬಿಡುವುದಿಲ್ಲ, ನೆಲಕ್ಕೆ ಇಳಿಸುತ್ತಾರೆ. ಮಣ್ಣು ಮುಟ್ಟಿಕೊಂಡೇ ಹೋಗಬೇಕು.

"ನೆಲದ ಮ್ಯಾಲೇ ಮಲಗವ್ಳಲ್ಲ ಮಾವ," ಅಂದ ಕ್ಯಾತಪ್ಪ.

"ಇದು ಹಲಗೆ ಕಣಪ್ಪ. ನೆಲ ಇದ್ರ ಕೆಳಗೈತೆ."

"ನಾನು ಹಾಕಿರೋದು ನೆಲ. ಊರೆಲ್ಲ ಅದ್ನ ನೆಲ ಅಂತಾರೆ."

"ಊರು ಏನಾರ ಅನ್ಲಿ. ಮಣ್ಣು ಅಂತೀಯೇನ್ಲಾ ಇದ್ನ?"

ಕ್ಯಾತಪ್ಪ ಅಂಗೈಯಿಂದ ಹಲಗೆ ಸವರಿದ. ಅಂಗಳಕ್ಕೆ ಎತ್ತಿಕೊಂಡು ಹೋಗೋಣ ಅಂದರು ಯಾರೋ. ಆಗ ಕಾಳಕ್ಕ ಕಣ್ಣು ಬಿಟ್ಟಳು.

"ಆಚೆ ಬ್ಯಾಡ," ಅಂದಳು. ಆಮೇಲೆ ಬಹಳ ಹೊತ್ತು ಉಸಿರು ಕೂಡಿಸಿಕೊಂಡು, "ಒಳಗೇ, ಒಲೆ ತಾವೇ ಇಳ್ಸು," ಅಂದಳು.

ಅವಳಿದ್ದದ್ದು ಮೊದಲು ಹಾಕಿದ ಹಲಗೆಯ ಮೇಲೆ. ಅದನ್ನು ಬಿಚ್ಚಬೇಕಾದರೆ ಅದರ ಪಕ್ಕದ್ದನ್ನು ಬಿಚ್ಚಬೇಕು, ಅದಕ್ಕೆ ಅದರಾಚೆಯದು. ಬಾಗಿಲ ಬಳಿ ಕೊನೆಗೆ ಕೂರಿಸಿದ ಹಲಗೆಯಿಂದ ಶುರುಮಾಡಿ ಇಡೀ ನೆಲ ಏಳಬೇಕು. ಗರಗಸ ಹಾಕಿ ಅಲ್ಲೇ ಒಂದು ಆಳುದ್ದ ಕುಯ್ದುಬಿಡು ಅಂದ ದೊಡ್ಡರಂಗಯ್ಯ.

"ಕುಯ್ದ್ರೆ ಸಿಬಿರೇಳ್ತದೆ," ಅಂದ ಕ್ಯಾತಪ್ಪ. "ಅವ್ಳ ಕೈ ಅಲ್ಲೇ ಐತೆ."

ಬಾಗಿಲ ಬಳಿ ಮಂಡಿ ಊರಿ, ಸಂದಿಗೆ ಬೆಣೆ ಕೊಟ್ಟು, ಮರದ ಕೊಡತಿಯಿಂದ ಮೆಲ್ಲಗೆ ಬಡಿದ. ಬಾಗಿಲಂಚಿನ ಹಲಗೆ ಎದ್ದಿತು. ನಾನು ಹಿಡಿದುಕೊಂಡೆ. ಅವನು ಬಿಚ್ಚುತ್ತಾ ಹೋದ, ನಾನು ಹೊತ್ತು ಹೊರಗೆ ಗೋಡೆಗೆ ಒರಗಿಸುತ್ತಾ ಹೋದೆ. ಕೊಡತಿಯ ಸದ್ದು, ಅದು ನಿಂತಾಗ ಅವಳ ಉಸಿರಿನ ಸದ್ದು. ಉಸಿರು ಕೇಳಿಸುವವರೆಗೆ ಅವನು ಮುಂದಿನ ಹಲಗೆ ಮುಟ್ಟುತ್ತಿರಲಿಲ್ಲ. ಅವಸರದಲ್ಲೂ ಒಂದು ನಾಲಿಗೆಯೂ ಮುರಿಯಲಿಲ್ಲ. ಕಾಳಕ್ಕ ತಲೆ ಹೊರಳಿಸಿ ನೋಡುತ್ತಲೇ ಇದ್ದಳು. ತನಗಾಗಿ ಹಾಕಿದ ನೆಲ ತನ್ನ ಕಡೆಗೇ ಬಿಚ್ಚಿಕೊಂಡು ಬರುವುದನ್ನು.

ಹಲಗೆ ಎದ್ದ ಕಡೆ, ಕೆಳಗಿನ ತೆಂಗಿನ ತೊಲೆಗಳ ನಡುವೆ, ಹಳೇ ಸಗಣಿ ನೆಲ ಕಾಣಿಸಿತು. ಒಲೆಯಿಂದ ಬಾಗಿಲವರೆಗೆ ಒಂದು ಮೊಳ ಅಗಲದ ಜಾಡು, ನುಣ್ಣಗೆ, ಸ್ವಲ್ಪ ತಗ್ಗಾಗಿ. ಅಷ್ಟು ವರ್ಷ ಅವಳು ಸರಿದಾಡಿ ಸವೆಸಿದ್ದು.

ಅವಳು ಮಲಗಿದ್ದ ಹಲಗೆಗೆ ಬಂದಾಗ ಅವಳನ್ನು ಕ್ಯಾತಪ್ಪನೇ ಎರಡು ಕೈಯಲ್ಲಿ ಎತ್ತಿಕೊಂಡ. ಆ ಹಲಗೆಯನ್ನೂ ಕೆಳಗಿನ ತೊಲೆಯನ್ನೂ ದೊಡ್ಡರಂಗಯ್ಯ ಮತ್ತು ನಾನು ತೆಗೆದೆವು. ಅವನು ಅವಳನ್ನು ಆ ಜಾಡಿನ ಮೇಲೆ ಮಲಗಿಸಿದ. ಅವಳ ಅಂಗೈ ಮಣ್ಣಿನ ಮೇಲೆ ಹರಡಿಕೊಂಡಿತು.

"ತಣ್ಣಗೈತೆ," ಅಂದಳು.

ಮತ್ತೇನೂ ಅನ್ನಲಿಲ್ಲ. ಕುರಿಗಳು ಹಟ್ಟಿಗೆ ವಾಪಸು ಬರುವ ಹೊತ್ತಿಗೆ ಉಸಿರು ನಿಂತಿತ್ತು.

ತಿಥಿ ಮುಗಿಸಿಕೊಂಡು ಕ್ಯಾತಪ್ಪ ತಾನಾಗಿಯೇ ತಿಪಟೂರಿಗೆ ಬಂದ. ಬೇಡ, ಇನ್ನೊಂದು ಸಲ ಬಾ ಅಂದರೂ ಕೇಳದೆ ಎಣ್ಣೆ ಬಿಸಿಗಿಟ್ಟು ಮಹಡಿಯ ನೆಲಕ್ಕೆ ಕೊನೇ ಕೈ ಹಾಕಲು ಕೂತ. ಗೋಡೆಯಿಂದ ಮೆಟ್ಟಿಲ ಕಡೆಗೆ ಹಿಂದಕ್ಕೆ ಸರಿಯುತ್ತಾ ತಿಕ್ಕಿಕೊಂಡು ಬಂದು, ನನ್ನ ಕಾಲ ಬಳಿ ಕೈ ನಿಲ್ಲಿಸಿದ.

"ಸಾವ್ಕಾರ್ರೆ, ನೀವು ಅಲ್ಲೇ ಇದ್ರಿ. ತಣ್ಣಗೈತೆ ಅಂದ್ಲಲ್ಲ. ಹಿತವಾಗೈತೆ ಅಂತ ಅಂದ್ಲಾ, ಚಳಿಯಾಯ್ತದೆ ಅಂತ ಅಂದ್ಲಾ?"

ನಮ್ಮ ಕಡೆ ಮಕ್ಕಳನ್ನು ಹರಸುವಾಗ ತಣ್ಣಗಿರು ಅನ್ನುತ್ತೇವೆ. ಒಲೆ ಹಚ್ಚದ ಮನೆಯನ್ನೂ ತಣ್ಣಗಿದೆ ಅನ್ನುತ್ತೇವೆ. ಕ್ಯಾತಪ್ಪನಿಗೆ ಇದರಲ್ಲಿ ಒಂದು ಬೇಕಿತ್ತು. ಬೆಚ್ಚಗಿರಲಿ ಅಂತ ಮಾಡಿದ ನೆಲವನ್ನು ತನ್ನ ಕೈಯಾರೆ ಕಿತ್ತು ಅವಳನ್ನು ಚಳಿಗೆ ಹಾಕಿದೆನೋ, ಅವಳು ಕೇಳಿದ ತಂಪನ್ನೇ ಕೊಟ್ಟೆನೋ, ಅವನಿಗೆ ಗೊತ್ತಾಗಬೇಕಿತ್ತು.

"ಹಿತವಾಗೈತೆ ಅಂತ್ಲೇ ಕಣಪ್ಪ, ಇನ್ನೇನು," ಅಂದಳು ಯಮುನಾ.

"ನೀವಿರ್ಲಿಲ್ಲ ಅಮ್ಮಾರೆ," ಅಂದ.

ನಾನಿದ್ದೆ. ಹಸಿ ಕೊಬ್ಬರಿಯನ್ನು ಒಣಗಿದೆ ಅಂತ ಮಾರಿದ ಬಾಯಿ ನನ್ನದು, ಒಂದು ಒಳ್ಳೆಯ ಸುಳ್ಳು ಹೇಳಲು ಕಷ್ಟವಿರಲಿಲ್ಲ. ಅವನು ಮುಖ ಎತ್ತಿ ನೋಡುತ್ತಿದ್ದ. ನಾನು ಎಣ್ಣೆಯ ಪಾತ್ರೆಯನ್ನು ಅವನ ಕಡೆಗೆ ಸರಿಸಿದೆ.

ಹಲಗೆಗಳು ಇನ್ನೂ ಅವನ ಮನೆಯ ಹೊರಗೋಡೆಗೆ ಒರಗಿವೆ. ಮಳೆ ಬೀಳದ ಹಾಗೆ ಮೇಲೆ ತೆಂಗಿನ ಗರಿ ಹೊದಿಸಿದ್ದಾನೆ. ಮತ್ತೆ ಹಾಕಬಾರದೇನೋ ಅಂದರೆ, ಅವ್ಳು ಯಾವ್ದು ಅಂದ್ಲು ಅಂತ ನೀವು ಹೇಳಿ, ಆಮ್ಯಾಲೆ ನೋಡ್ತೀನಿ ಅನ್ನುತ್ತಾನೆ. ಅವನೀಗ ಮಲಗುವುದು ಆ ಸಗಣಿ ನೆಲದ ಮೇಲೆ.

ಕ್ಯಾತಪ್ಪನಿಗೆ ನಾನು ಒಂದು ಉತ್ತರ ಕೊಡಬೇಕು. ಅದು ನನ್ನ ಹತ್ತಿರ ಇಲ್ಲ.