ಮಗ್ಗದ ಕುಣಿಯಲ್ಲಿ ಎರಡು ನಾಯಿ

ಬೆಟಗೇರಿಯ ನಮ್ಮ ಮನೆಯಲ್ಲಿ ಮಗ್ಗವೂ ಸಂಸಾರವೂ ಒಂದೇ ಸೂರಿನಡಿ. ನೇಯುವವನು ಕಾಲು ಇಳಿಬಿಟ್ಟು ಕೂರಲೆಂದು ನೆಲದಲ್ಲಿ ತೋಡಿದ ಕುಣಿ ಬೇಸಿಗೆಯಲ್ಲೂ ತಣ್ಣಗಿರುತ್ತದೆ. ನಮ್ಮ ಮುದಿ ಕರಿನಾಯಿ ಅದನ್ನು ಎಂದೋ ತನ್ನ ಹೆಸರಿಗೆ ಮಾಡಿಕೊಂಡಿತ್ತು. ನಾನು ನೇಯುವಷ್ಟು ಹೊತ್ತೂ ಅದರ ಬೆನ್ನು ನನ್ನ ಹಿಮ್ಮಡಿಗೆ ತಾಗಿಕೊಂಡೇ ಇರುತ್ತಿತ್ತು. ಹೋದ ವರ್ಷ ಹೆಂಡತಿಯ ಅಣ್ಣ ಮುಂಡರಗಿಯಿಂದ ಒಂದು ಕೆಂಪು ನಾಯಿಯನ್ನು ತಂದುಬಿಟ್ಟ. ಕುರಿಹಟ್ಟಿಯಲ್ಲಿ ಬೆಳೆದದ್ದು, ಅಗಲ ಎದೆ.

ಚಿಂತೆ ಮಾಡುವುದರಲ್ಲಿ ನನ್ನ ಕೈ ಪಳಗಿದೆ. ಎರಡಕ್ಕೂ ಹುಚ್ಚಿನ ಚುಚ್ಚುಮದ್ದು ಹಾಕಿಸಿದೆ. ನೂಲು ನುಂಗಿಯಾವೆಂದು ದಿನಾ ಕಸ ಗುಡಿಸಿದೆ, ವೈರುಗಳನ್ನು ಎತ್ತರಕ್ಕೆ ಕಟ್ಟಿದೆ. ಒಂದು ಕುಣಿಗಾಗಿ ಎರಡು ನಾಯಿ ಕಚ್ಚಾಡಬಹುದೆಂಬುದು ಮಾತ್ರ ಹೊಳೆಯಲಿಲ್ಲ.

ಆ ಬೆಳಿಗ್ಗೆ ನನ್ನ ಕೈಜಾರಿ ರೊಟ್ಟಿಯ ಚೂರೊಂದು ಕುಣಿಗೆ ಬಿತ್ತು. ಕೆಂಪು ನಾಯಿ ಹಾರಿತು. ನನ್ನೆರಡು ಕಾಲುಗಳ ನಡುವೆ ಹಲ್ಲಿಗೆ ಹಲ್ಲು ಬಡಿಯಿತು. ಯಾವುದೋ ಒಂದು ನನ್ನ ಮೀನಖಂಡವನ್ನೇ ಕಚ್ಚಿ ಎಳೆಯಿತು. ನಾನು ಕೂಗಿಕೊಂಡು ಕಾಲು ಮೇಲೆಳೆದುಕೊಂಡೆ. ಕರಿನಾಯಿ ತಪ್ಪಿಸಿಕೊಳ್ಳಲು ನೆಗೆದದ್ದೇ ಮಗ್ಗಕ್ಕೆ ಉದ್ದಕ್ಕೂ ಬಿಗಿದ ನೂಲಿನ, ಅಂದರೆ ಹಾಸಿನ, ಎಳೆಗಳನ್ನು ಸೀಳಿ ಅದರ ತಲೆ ಮೇಲಕ್ಕೆ ತೂರಿತು. ಕೆಳಗಿನಿಂದ ಕೆಂಪು ನಾಯಿ ಅದರ ತೊಡೆ ಹಿಡಿದು ಜಗ್ಗಿತು. ನೂರಾರು ಎಳೆ ಹೊಸೆದುಕೊಂಡು ಹಗ್ಗವಾಗಿ ಕರಿನಾಯಿಯ ಕುತ್ತಿಗೆ ಬಿಗಿದವು. ನಾಲಗೆ ನೀಲಿಗಟ್ಟಿತು. ಅರ್ಧ ನೇಯ್ದ ಸೀರೆಯ ಮೇಲೆ ರಕ್ತ ಚಿಮ್ಮಿತು.

ಆಗ ನಾನು ಮಾಡಿದ್ದೇನು? ನೇಕಾರನ ಕೈ, ಹರಿದ ಎಳೆ ಕಂಡರೆ ಸುಮ್ಮನಿರುವುದಿಲ್ಲ. ಎರಡು ತುದಿಗಳನ್ನು ಹುಡುಕಿ ಹೊಸೆದು ಗಂಟು ಹಾಕತೊಡಗಿದ್ದೆ.

ಒಳಗಿನಿಂದ ಓಡಿಬಂದ ಹೆಂಡತಿ ಚೀರಿದಳು: "ಎಳಿ ಆಮ್ಯಾಗ ಕಟ್ಟೀರಂತ! ಮೊದಲ ನಾಯಿ ಬಿಡಸ್ರೀ! ಸಾಯಾಕತ್ತೇತಿ!"

ಕೈಗೆ ಸಿಕ್ಕ ಬಡಿಗೆಯಿಂದ ಕೆಂಪು ನಾಯಿಯ ಬೆನ್ನಿಗೆ ಬಾರಿಸಿದೆ. ಮತ್ತೆ ಬಾರಿಸಿದೆ. ಬಡಿಗೆ ಮುರಿಯಿತೇ ಹೊರತು ದವಡೆ ಸಡಿಲಲಿಲ್ಲ. ಹೆಂಡತಿ ಕತ್ತರಿ ಎತ್ತಿಕೊಂಡಳು. ಗದ್ದಲ ಕೇಳಿ ಬಂದ ಪಕ್ಕದ ಮನೆಯ ಮುದುಕ ನೇಕಾರರೊಬ್ಬರು ಬಾಗಿಲಲ್ಲೇ ನಿಂತು ಕೈಯೆತ್ತಿದರು.

"ಏ ಯವ್ವಾ, ನಡು ಸೀರ್ಯಾಗ ಹಾಸಿನ ಎಳಿಗೆ ಕತ್ತರಿ ಹಾಕಬಾರದವಾ! ಮನೀಗೆ ಚಲೋ ಅಲ್ಲ!"

"ಹಂಗಾರ ನೀವ ಬಂದು ಅದರ ಬಾಯಾಗ ಕೈ ಇಡ್ರಿ, ಕಾಕಾ!"

ಕಾಕಾ ಕೈಯಿಳಿಸಿದರು. ಕತ್ತರಿ ಕರಕರನೆ ಸಾಗಿತು. ಹಾಸು ಎರಡು ತುಂಡಾಯಿತು. ಕರಿನಾಯಿ ಕುಣಿಗೆ ಕುಸಿಯಿತು. ಕೆಂಪು ನಾಯಿ ತೊಡೆ ಬಿಟ್ಟು ಗಂಟಲಿಗೇ ಬಾಯಿ ಹಾಕಿತು. ಹೆಂಡತಿ ನೂಲಿಗೆ ಹಚ್ಚುವ ಗಂಜಿಯ ಕೊಡವನ್ನೇ ಎತ್ತಿ ಅದರ ಮುಖಕ್ಕೆ ಸುರಿದಳು. ಮೂಗು ಕಟ್ಟಿ, ಕೆಮ್ಮಿ, ಅದು ಬಾಯ್ತೆರೆಯಿತು. ನಾನು ಅದರ ಕಿವಿ ಹಿಡಿದು ಹೊರಗೆಳೆದು ಅಂಗಳದ ಕಂಬಕ್ಕೆ ಬಿಗಿದೆ. ಅದು ನನ್ನನ್ನೇ ನೋಡುತ್ತ ಬಾಲ ಅಲ್ಲಾಡಿಸಿತು.

ಕರಿನಾಯಿ ಬದುಕಿತು. ತೊಡೆಗೂ ಗಂಟಲಿಗೂ ಹೊಲಿಗೆ. ನನ್ನ ಕಾಲಿಗೂ ಹೊಲಿಗೆ, ಮೇಲೆ ಚುಚ್ಚುಮದ್ದು. ದವಾಖಾನೆಯಲ್ಲಿ ಹುಚ್ಚು ಹಿಡಿಯುವ ಲಕ್ಷಣ ಹೇಗಿರುತ್ತದೆಂದು ನಾನು ಡಾಕ್ಟರನ್ನು ಕೇಳಿದ್ದಕ್ಕೆ ಹೆಂಡತಿ, "ನಿಮಗಾದ್ರ ಗೊತ್ತಾಗೂದ ಕಷ್ಟ ಬಿಡ್ರಿ" ಅಂದಳು.

ಕೆಂಪು ನಾಯಿಯನ್ನು ವಾಪಸ್ಸು ಒಯ್ಯೆಂದರೆ ಅವಳ ಅಣ್ಣ ಫೋನೇ ಎತ್ತಲಿಲ್ಲ. ಕುರಿಹಟ್ಟಿಯವರು ಇಂಥದ್ದನ್ನು ಹೊಡೆದೇ ಸಾಯಿಸುತ್ತಾರೆಂದು ಕೇಳಿದ ಮೇಲೆ ನಾವೂ ಎತ್ತದ ಫೋನಿಗೆ ಫೋನು ಮಾಡುವುದನ್ನು ಬಿಟ್ಟೆವು. ಈಗ ಹೊಸ ಹಾಸು ಹೂಡಿದ್ದೇನೆ. ಕರಿನಾಯಿ ಒಳಗಿದ್ದರೆ ಕೆಂಪು ಹೊರಗೆ, ನಡುವೆ ಬಾಗಿಲು, ಬಾಗಿಲಿಗೆ ಚಿಲಕ. ನಾನು ಲಾಳಿ ಎಸೆಯುವಾಗಲೆಲ್ಲ ಆಚೆಯಿಂದ ಬಾಗಿಲು ಕೆರೆಯುವ ಸದ್ದು. ಮೊನ್ನೆ ನೋಡಿದೆ, ಬಾಗಿಲಿನ ಕೆಳಗಿನ ಹಲಗೆಯಲ್ಲಿ ಮುಷ್ಟಿ ತೂರುವಷ್ಟು ತೂತು ಬಿದ್ದಿದೆ.