ಅತ್ತೆ ಎದುರಿಗೆ ಹೇಳಬಾರದ ಮಾತು

1998ರಲ್ಲಿ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಕಳೆದ ತಿಂಗಳು ವಿನೋಬನಗರದ ಆಫೀಸೊಂದರಲ್ಲಿ ಇಂಟರ್‌ವ್ಯೂಗೆ ಕೂತಿದ್ದೆ. ಕಂಪ್ಯೂಟರ್ ಕೆಟ್ಟಿದೆ ಎಂದು ಫೋನ್ ಮಾಡುವವರಿಗೆ ದಾರಿ ಹೇಳುವ ಕೆಲಸ. ಭದ್ರಾವತಿ ಓಲ್ಡ್ ಟೌನಿನಲ್ಲಿ ನಡೆಸುತ್ತಿದ್ದ ಕೇಬಲ್ ಟಿವಿ ನಿಂತ ಮೇಲೆ ಓದಿ ಪಡೆದ ಎರಡು ಕಂಪ್ಯೂಟರ್ ಸರ್ಟಿಫಿಕೇಟ್ ಬಿಟ್ಟರೆ ಈ ಕೆಲಸದ ಅನುಭವ ನನಗೆ ಸೊನ್ನೆ. ಎದುರಿಗಿದ್ದ ಮೇಡಂಗೆ ನನ್ನ ಮಗಳ ವಯಸ್ಸು.

"ಕಸ್ಟಮರ್ ಸ್ವಿಚ್ಚೇ ಹಾಕಿಲ್ಲ ಅಂತ ಗೊತ್ತಾದ್ರೆ ಏನ್ ಹೇಳ್ತೀರಿ ಸರ್?"

"ಹಾಕಿಸ್ತೀನಿ. ಆಮೇಲೆ ಲೂಸ್ ಕನೆಕ್ಷನ್ ಇತ್ತು, ಸರಿಹೋಯ್ತು ಅಂತೀನಿ ಮೇಡಂ. ಕೇಬಲ್ ರಿಪೇರಿಗೆ ಹೋದಾಗ, ಸ್ವಿಚ್ ಹಾಕಿಲ್ಲ ಅಂತ ಅತ್ತೆ ಎದುರಿಗೆ ಹೇಳಿಬಿಟ್ರೆ ಪಾಪ, ಸೊಸೆ ಗತಿ ಏನು?"

ಅವರು ಪೆನ್ನು ಕೆಳಗಿಟ್ಟು ಜೋರಾಗಿ ನಕ್ಕರು. "ನಮ್ ಮ್ಯಾನೇಜರೇ ಸ್ವಿಚ್ ಹಾಕೋದು ಮರೆತಿದ್ರೆ?"

"ಅವರಿಗೂ ಲೂಸ್ ಕನೆಕ್ಷನ್ನೇ ಮೇಡಂ!"

"ಸೋಮವಾರದಿಂದ ಬನ್ನಿ ಅಣ್ಣಾ," ಎಂದರು. ಸರ್ ಎಂದು ಶುರು ಮಾಡಿದವರು ಕೊನೆಗೆ ಅಣ್ಣ ಎಂದಿದ್ದರು.

ಫೋನಿನಲ್ಲಿ ಅಳುಕುತ್ತಾ ಮಾತಾಡುವವರಿಗೆ ಮೊದಲು ಧೈರ್ಯ ಹೇಳುತ್ತೇನೆ, ಆಮೇಲೆ ರಿಪೇರಿ. ಇವತ್ತಿಗೆ ನನ್ನ ಬಳಿ ಇರುವುದು ಎರಡು ಸರ್ಟಿಫಿಕೇಟ್, ಒಂದು ಹೆಡ್‌ಫೋನ್, ಮೂರು ವಾರದ ಅನುಭವ.