ಕುಮಟಾ, ಮೂರನೇ ಸೀಟು

ಸ್ವಲ್ಪ ತಡೆಯಿರಿ, ಇದನ್ನು ಅರ್ಧಕ್ಕೆ ಬಿಟ್ಟು ಹೋಗಬೇಡಿ. ಮೊದಲಿನದೆಲ್ಲ ಕಂಪ್ಯೂಟರ್ ಪುರಾಣ. ಆ ವಿಷಯ ಬಂದರೆ ನನ್ನ ಬಾಯಿ ನಿಲ್ಲುವುದಿಲ್ಲ ಎಂದು ಮನೆಯಲ್ಲೂ ಬೈಯುತ್ತಾರೆ. ಆದರೆ ನಾನು ಹೇಳಬೇಕಾದದ್ದು ಅದನ್ನು ದಾಟಿದ ಮೇಲೆ ಬರುತ್ತದೆ. ಅಲ್ಲಿಯವರೆಗೆ ಕಾಯಿರಿ.

ನಾನು ಶಿರಾಲಿಯಿಂದ ದಿನಾ ಬಸ್ಸಿನಲ್ಲಿ ಹೊನ್ನಾವರಕ್ಕೆ ಹೋಗಿ ಬರುವವಳು. ಅಲ್ಲಿ ನಮ್ಮದೊಂದು ಟೈಪಿಂಗ್ ಆಫೀಸು. ಹಳೆಯ ಲೈಬ್ರರಿಗಳ ಹುಳ ತಿಂದ ಪುಸ್ತಕಗಳನ್ನು ಫೋಟೊ ತೆಗೆದು ಕಳಿಸುತ್ತಾರೆ, ನಾವು ಅದನ್ನು ಕನ್ನಡದಲ್ಲಿ ಟೈಪ್ ಮಾಡಿ ವಾಪಸ್ ಕೊಡಬೇಕು. ಹೊನ್ನಾವರದಲ್ಲಿ ಏಳು ಸೀಟು, ಕುಮಟಾದಲ್ಲಿ ಐದು, ಭಟ್ಕಳದಲ್ಲಿ ನಾಲ್ಕು. ಮೂರು ಊರಿಗೂ ಸೇರಿ ನಿಜವಾದ ಕಂಪ್ಯೂಟರ್ ಒಂದೇ. ಅದು ಹೊನ್ನಾವರದ ಒಳಕೋಣೆಯಲ್ಲಿ ಗುಂಯ್ ಎನ್ನುತ್ತಾ ಕೂತಿರುತ್ತದೆ. ಉಳಿದವರ ಹತ್ತಿರ ಇರುವುದು ಬರೀ ಪರದೆ ಮತ್ತು ಕೀಲಿಮಣೆ. ಹೆಸರು, ಪಾಸ್‌ವರ್ಡ್ ಹಾಕಿದರೆ ಎಲ್ಲರೂ ಆ ಒಂದೇ ಕಂಪ್ಯೂಟರಿನ ಒಳಗೆ ಬಂದು ಕೂತಂತೆ.

ನಾನು ಸೇರಿದ್ದು ಟೈಪ್ ಮಾಡಲಿಕ್ಕೆ. ಕಂಪ್ಯೂಟರ್ ಕೋರ್ಸು ಯಾವುದೂ ಆಗಿರಲಿಲ್ಲ. ಮೊಬೈಲಿನಲ್ಲಿ ನೋಡಿ, ತಪ್ಪಿ, ಮತ್ತೆ ನೋಡಿ ಕಲಿತದ್ದು. ಆ ಕಪ್ಪು ಪರದೆಯಲ್ಲಿ ಒಂದು ಪದ ಬರೆದರೆ ಕಂಪ್ಯೂಟರ್ ಉತ್ತರ ಕೊಡುತ್ತದಲ್ಲ, ಅದು ನನಗೆ ಹುಚ್ಚು ಹಿಡಿಸಿತ್ತು.

ಅದರಲ್ಲೂ ಫಿಂಗರ್ ಎಂಬ ಒಂದು ಹಳೇ ಪ್ರೋಗ್ರಾಂ. ಅದನ್ನು ಬರೆದು ಪಕ್ಕದಲ್ಲಿ ಯಾರದಾದರೂ ಹೆಸರು ಕೊಟ್ಟರೆ ಸಾಕು. ಅವರು ಒಳಗಿದ್ದಾರೋ ಇಲ್ಲವೋ, ಎಷ್ಟು ಗಂಟೆಗೆ ಬಂದರು, ಕೀಲಿ ಮುಟ್ಟದೆ ಎಷ್ಟು ನಿಮಿಷವಾಯಿತು, ಎಲ್ಲ ಹೇಳುತ್ತದೆ. ಕೊನೆಗೆ, ಅವರೇ ತಮ್ಮ ಬಗ್ಗೆ ಒಂದು ಸಾಲು ಬರೆದಿಟ್ಟಿದ್ದರೆ ಅದನ್ನೂ ತೋರಿಸುತ್ತದೆ. ನಮ್ಮವರು ಅಲ್ಲಿ ಊಟಕ್ಕೆ ಹೋಗಿದ್ದೇನೆ, ಫೋನ್ ಮಾಡಬೇಡಿ ಎಂದೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದರು. ಕನ್ನಡದಲ್ಲಿ ಬರೆದರೆ ಬರೀ ಪ್ರಶ್ನೆ ಚಿಹ್ನೆ ಬರುತ್ತಿತ್ತು. ದಿನವಿಡೀ ಕನ್ನಡ ಕುಟ್ಟುವ ಆಫೀಸಿನಲ್ಲಿ ನಮ್ಮ ಹೆಸರೇ ಕನ್ನಡದಲ್ಲಿ ಕಾಣುವುದಿಲ್ಲ. ಸರಿ, ನಾನೇ ಸರಿಮಾಡುತ್ತೇನೆ ಎಂದು ಹೊರಟೆ.

ಭಟ್ಕಳದ ಆಫೀಸಿನ ಅಕ್ಕನ ಬಗ್ಗೆ ಇಲ್ಲಿ ಹೇಳಬೇಕು. ಸೇರಿದ ಮೊದಲ ಎರಡು ತಿಂಗಳು ನಾನು ಭಟ್ಕಳದಲ್ಲಿ ಅವಳ ಪಕ್ಕದಲ್ಲೇ ಕೂತು ಕನ್ನಡ ಟೈಪಿಂಗ್ ಕಲಿತದ್ದು. ಅವಳು ತಿದ್ದುವವಳು. ಒಬ್ಬರು ಟೈಪ್ ಮಾಡಿದ್ದನ್ನು ಇನ್ನೊಬ್ಬರು ಓದಿ ತಿದ್ದಬೇಕು, ಇಬ್ಬರೂ ಬೇರೆ ಬೇರೆ ಆಗಿರಬೇಕು ಎನ್ನುವುದು ಲೈಬ್ರರಿಯವರ ಷರತ್ತು. ಅಕ್ಕ ಭಟ್ಕಳದ ಹತ್ತಿರದ ಬೆಳಕೆ ಊರಿನವಳು. ಗಂಡ ಮೀನಿನ ಬೋಟಿಗೆ ಹೋಗುತ್ತಿದ್ದವರು, ಬೋಟಿನಲ್ಲೇ ಪಾರ್ಶ್ವವಾಯು ಹೊಡೆದು ಬಲಗಡೆ ಬಿದ್ದುಹೋಗಿತ್ತು. ಅಷ್ಟು ನನಗೂ ಗೊತ್ತಿತ್ತು. ಉಡುಪಿ ಕಡೆಯ ಆಸ್ಪತ್ರೆಯೊಂದರಲ್ಲಿ ಕೈಗೆ ವ್ಯಾಯಾಮ ಮಾಡಿಸುತ್ತಾರೆ ಎನ್ನುವುದೂ ಗೊತ್ತಿತ್ತು. ಯಾವ ದಿನ ಹೋಗುತ್ತಾರೆ, ಆ ದಿನ ಅವಳ ಕೆಲಸ ಯಾರು ಮಾಡುತ್ತಾರೆ ಎಂದು ಮಾತ್ರ ನಾನು ಒಮ್ಮೆಯೂ ಕೇಳಿರಲಿಲ್ಲ.

ಫಿಂಗರ್ ತಿದ್ದುವಾಗ ಅಕ್ಕನೇ ನನ್ನ ಗುರು. ಕನ್ನಡ ಅಕ್ಷರ ಬಂದದ್ದೇನೋ ಬಂತು, ಆದರೆ ಒತ್ತಕ್ಷರ ಇದ್ದಲ್ಲೆಲ್ಲ ಸಾಲು ಪಕ್ಕಕ್ಕೆ ಸರಿಯುತ್ತಿತ್ತು, ಉದ್ದದ ಹೆಸರು ಅಕ್ಷರದ ನಡುವೆಯೇ ತುಂಡಾಗುತ್ತಿತ್ತು. ನಾನು ಫೋನ್ ಮಾಡಿ ಕಷ್ಟದ ಪದ ಹೇಳು ಅಕ್ಕ ಎಂದರೆ ಅವಳು ಜ್ಯೋತ್ಸ್ನಾ, ಸ್ವಾತಂತ್ರ್ಯ, ವೈಶಿಷ್ಟ್ಯ ಎಂದು ಒಂದೊಂದೇ ಕೊಡುತ್ತಿದ್ದಳು. ಕೊಟ್ಟು ನಗುತ್ತಿದ್ದಳು. ಇಡೀ ಆಫೀಸಿನಲ್ಲಿ ಕನ್ನಡದಲ್ಲಿ ತನ್ನ ಸಾಲು ಮೊದಲು ಬರೆದವಳೂ ಅವಳೇ. ಪರೀಕ್ಷೆಗೆ ಏನಾದರೂ ಬರಿ ಎಂದಿದ್ದೆ. ಅವಳು ಬರೆದದ್ದು ಇದು:

ಇವರು ಇವತ್ತು ಬಲಗೈಯಲ್ಲಿ ಸ್ವಲ್ಪ ಹೊತ್ತು ಲೋಟ ಹಿಡಿದರು.

ನಾನು ನೋಡಿದ್ದು ಸಾಲು ಸರಿಯಿದೆಯೋ ಎಂದು ಮಾತ್ರ. ಒತ್ತು ಎಲ್ಲ ಸರಿ ಬಂತು ಅಕ್ಕ, ಅಂತ ವಾಪಸ್ ಕಳಿಸಿದೆ.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಯಾರೂ ಕೇಳದ ಒಂದು ಕೆಲಸವನ್ನೂ ನಾನು ಮಾಡಿದೆ. ಯಾರು ಎಲ್ಲಿಂದ ಒಳಬಂದರು ಎನ್ನುವುದನ್ನು ಕಂಪ್ಯೂಟರ್ ಮೊದಲಿನಿಂದಲೂ ನಂಬರಿನಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. ಆ ನಂಬರು ಯಾರಿಗೂ ಅರ್ಥವಾಗುತ್ತಿರಲಿಲ್ಲ. ನಾನು ಮೂರು ಊರಿಗೂ ಹೋಗಿ, ಪ್ರತಿ ಸೀಟಿನ ನಂಬರು ಬರೆದುಕೊಂಡು ಬಂದು, ಫಿಂಗರಿನಲ್ಲಿ ಅದರ ಜಾಗಕ್ಕೆ ಊರು ಮತ್ತು ಸೀಟಿನ ಒಂದು ಅಂಕಣ ಕಾಣುವ ಹಾಗೆ ಮಾಡಿದೆ. ಎಷ್ಟು ಚಂದ ಕಾಣುತ್ತಿತ್ತು ಗೊತ್ತಾ!

ಈಗ ಟವೆಲ್ಲಿನ ವಿಷಯ. ನಮ್ಮ ಬಸ್‌ಸ್ಟ್ಯಾಂಡುಗಳಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲೋ ಚೀಲವೋ ಎಸೆದು ಸೀಟು ಹಿಡಿಯುತ್ತಾರೆ. ಟವೆಲ್ ಬಿದ್ದ ಸೀಟಿನಲ್ಲಿ ಬೇರೆಯವರು ಕೂರುವುದಿಲ್ಲ. ನಮ್ಮ ಆಫೀಸಿನಲ್ಲಿ ಒಂಬತ್ತೂವರೆಗೆ ಒಳಬರದಿದ್ದರೆ ಅವತ್ತಿನ ಸೀಟು ಬೇರೆಯವರಿಗೆ ಹೋಗುತ್ತದೆ, ಮೇಲಿಂದ ಮೇಲೆ ಹಾಗಾದರೆ ಕಾಯಂ ಹೋಗುತ್ತದೆ. ಕೆಲಸಕ್ಕೆ ಕಾಯುವವರು ಬಹಳ ಜನ. ಹಾಗಾಗಿ ಬಸ್ಸು ತಪ್ಪಿದವರು ಗೆಳತಿಗೆ ಫೋನ್ ಮಾಡಿ ನನಗೊಂದು ಟವೆಲ್ ಹಾಕು ಎನ್ನುತ್ತಿದ್ದರು. ಎಂದರೆ ನನ್ನ ಹೆಸರು, ಪಾಸ್‌ವರ್ಡ್ ಹಾಕಿ ಒಳಗೆ ಕೂರಿಸು ಅಂತ. ಎಲ್ಲರಿಗೂ ಎಲ್ಲರ ಪಾಸ್‌ವರ್ಡ್ ಗೊತ್ತು. ನಾನೂ ಹಾಕಿದ್ದೇನೆ, ಹಾಕಿಸಿಕೊಂಡಿದ್ದೇನೆ. ನಾನೇ ಬರೆದ ಆ ಹೊಸ ಅಂಕಣ ಈ ಟವೆಲ್ಲುಗಳನ್ನು ತೋರಿಸಿಬಿಡುತ್ತದೆ ಎನ್ನುವುದು, ನಂಬಿದರೆ ನಂಬಿ, ನನ್ನ ತಲೆಗೆ ಬರಲೇ ಇಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಆಫೀಸಿನ ಯಜಮಾನರಿಗೆ ಹೊಸ ಫಿಂಗರ್ ತೋರಿಸಿದೆ. ನಾವು ಅವರನ್ನು ಸರ್ ಎನ್ನುತ್ತೇವೆ. ಗೋಡೆಯ ಟಿವಿಗೆ ಜೋಡಿಸಿದ್ದೆ. ಹದಿನಾರು ಹೆಸರೂ ಕನ್ನಡದಲ್ಲಿ, ಪಕ್ಕದಲ್ಲಿ ಊರು, ಸೀಟು. ಸರ್ ಕನ್ನಡಕ ಮೇಲೇರಿಸಿ ನೋಡಿದರು, ಖುಷಿಪಟ್ಟರು. ಆಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟರು. ಅಕ್ಕನ ಹೆಸರಿನ ಮುಂದೆ ಕುಮಟಾ, ಮೂರನೇ ಸೀಟು ಎಂದಿತ್ತು. ಅದರ ಕೆಳಗೇ ಕುಮಟಾದ ಇನ್ನೊಬ್ಬ ಟೈಪಿಸ್ಟಿನ ಹೆಸರು, ಅದರ ಮುಂದೆಯೂ ಕುಮಟಾ, ಮೂರನೇ ಸೀಟು.

"ಇವಳು ಭಟ್ಕಳದವಳಲ್ವಾ?" ಎಂದರು.

ನಮ್ಮಲ್ಲಿ ಎಲ್ಲರಿಗಿಂತ ಹಳಬರಾದ ಟೈಪಿಸ್ಟ್, ನಾವೆಲ್ಲ ಬಾಯಮ್ಮ ಎಂದು ಕರೆಯುವವರು, ಬಾಗಿಲ ಹತ್ತಿರ ಚಹಾ ಹಿಡಿದು ನಿಂತಿದ್ದರು. ಅವರು ನನ್ನನ್ನು ನೋಡುತ್ತಲೇ ಹೇಳಿದರು: "ಹೊಸಾ ಪ್ರೋಗ್ರಾಂ ಅಲ್ದಾ ಸರ್, ಎಲ್ಲೋ ತಪ್ಪಾಗಿರ್ತದೆ. ಹೌದನೆ ತಂಗಿ?"

ಹೌದು ಅಂದಿದ್ದರೆ ಆಗುತ್ತಿತ್ತು. ಸರ್ ಕೂಡ ನಂಬಲು ತಯಾರಿದ್ದರು, ಮುಖದಲ್ಲೇ ಕಾಣುತ್ತಿತ್ತು. ಆದರೆ ನನಗೆ ಮೈಯೆಲ್ಲ ಉರಿದುಹೋಯಿತು. ತಿಂಗಳುಗಟ್ಟಲೆ ಕೂತು ಮಾಡಿದ್ದು, ಕೋರ್ಸು ಮಾಡದವಳು ಮಾಡಿದ್ದು, ಅದಕ್ಕೇ ತಪ್ಪು ಎನ್ನುತ್ತಾರೆ ಎಂದು.

"ತಪ್ಪಿಲ್ಲ ಸರ್. ನಾನು ಮೂರು ಸಲ ನೋಡಿದ್ದೇನೆ."

ಅಷ್ಟಕ್ಕೂ ಬಿಡಲಿಲ್ಲ. ಬೇಕಾದರೆ ಹಿಂದಿನದನ್ನೂ ನೋಡಿ ಎಂದು ಅಕ್ಕನ ಹೆಸರಿನ ಹಳೆಯ ದಾಖಲೆ ತೆಗೆದು ಟಿವಿಯಲ್ಲಿ ಹಾಕಿದೆ. ಸೋಮವಾರ ಭಟ್ಕಳ, ಮಂಗಳವಾರ ಕುಮಟಾ. ಬುಧ, ಗುರು ಭಟ್ಕಳ, ಶುಕ್ರವಾರ ಕುಮಟಾ. ಪುಟ ಇಳಿಸಿದಷ್ಟೂ ಹಾಗೇ. ಓದುತ್ತಾ ಓದುತ್ತಾ ನನಗೆ ಅರ್ಥವಾಯಿತು. ಅಷ್ಟು ಹೊತ್ತಿಗೆ ಸರ್‌ಗೂ ಅರ್ಥವಾಗಿತ್ತು. ಬಾಯಮ್ಮ ಚಹಾದ ಲೋಟ ಮೇಜಿನ ಮೇಲಿಟ್ಟು ಹೊರಗೆ ಹೋದರು.

ಕುಮಟಾದವಳು ಅಕ್ಕನ ಜೊತೆ ಶಾಲೆಗೆ ಹೋದವಳು. ಅಕ್ಕ ಗಂಡನನ್ನು ಉಡುಪಿಗೆ ಕರೆದುಕೊಂಡು ಹೋಗುವ ಆ ಎರಡು ದಿನ ಇವಳು ತನ್ನ ಕೆಲಸ ಮುಗಿಸಿ ಅಕ್ಕನ ಪಾಲಿನ ಪುಟಗಳನ್ನೂ ತಿದ್ದುತ್ತಿದ್ದಳು. ಅಡಚಣೆ ಆದದ್ದು ಅಲ್ಲೇ. ಆ ಪುಟಗಳಲ್ಲಿ ಕೆಲವು ಅವಳೇ ಟೈಪ್ ಮಾಡಿದವು. ಬರೆದವಳೇ ತಿದ್ದಿದಂತಾಯಿತು. ಲೈಬ್ರರಿಯವರಿಗೆ ಗೊತ್ತಾದರೆ ಇಡೀ ಕೆಲಸವೇ ಹೋಗುತ್ತದೆ ಎಂದು ಸರ್ ಹೆದರಿದರು. ಅವರು ಕೆಟ್ಟವರಲ್ಲ. ಅಕ್ಕನಿಗೆ ಬೈಯಲೂ ಇಲ್ಲ. ಮಂಗಳವಾರ, ಶುಕ್ರವಾರ ನೀನೇ ಬರಲಿಕ್ಕಾಗುತ್ತದಾ ಎಂದು ಕೇಳಿದರಂತೆ. ಆಗುವುದಿಲ್ಲ ಎಂದಳಂತೆ. ಅಷ್ಟೇ ಮಾತು. ಸೀಟು ಬೇರೆಯವರಿಗೆ ಹೋಯಿತು. ಕುಮಟಾದವಳು ಉಳಿದಳು, ನನ್ನ ಫೋನ್ ಎತ್ತುವುದನ್ನು ಬಿಟ್ಟಳು.

ನಾನು ಆ ಅಂಕಣವನ್ನು ಮರುದಿನವೇ ಅಳಿಸಿದೆ. ಅಳಿಸಲು ಒಂದು ನಿಮಿಷವೂ ಬೇಡ, ಎರಡು ಸಾಲು. ಆಮೇಲೆ ನಮ್ಮಲ್ಲಿ ಯಾರೂ ಯಾರಿಗೂ ಟವೆಲ್ ಹಾಕಲಿಲ್ಲ. ನಾನು ಹೋದರೆ ಮಾತು ಸಣ್ಣಗಾಗುತ್ತಿತ್ತು. ಎಲ್ಲರೂ ಪಾಸ್‌ವರ್ಡ್ ಬದಲಿಸಿಕೊಂಡರು.

ಬೆಳಕೆಗೆ ಹೋಗಲು ನನಗೆ ಧೈರ್ಯ ಬರಲು ಮಳೆಗಾಲ ಪೂರ್ತಿ ಬೇಕಾಯಿತು. ಹೋದದ್ದು ಒಂದು ಭಾನುವಾರ ಮಧ್ಯಾಹ್ನ. ಅಕ್ಕ ಈಗ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾಳೆ. ಕೈಬೆರಳೆಲ್ಲ ಗೇರುಸಿಪ್ಪೆಯ ಎಣ್ಣೆ ತಾಗಿ ಕಪ್ಪಗಾಗಿತ್ತು. ಬೆಳಿಗ್ಗೆ ಎಂಟಕ್ಕೆ ಒಳಗಿರಬೇಕು, ವಾರಕ್ಕೆ ಆರು ದಿನ. ಅಲ್ಲಿ ಟವೆಲ್ ಹಾಕಲು ಬರುವುದಿಲ್ಲ. ಉಡುಪಿಗೆ ಹೋಗಿ ಎಷ್ಟು ದಿನವಾಯಿತು ಎಂದು ಕೇಳಿದೆ. ಅವಳು ಚಹಾ ಮಾಡಲು ಎದ್ದಳು.

ಅವಳ ಹಿಂದೆ ಅಡುಗೆಮನೆಗೆ ಹೋಗಿ ತಪ್ಪಾಯಿತು ಅಕ್ಕ ಎಂದೆ. ಅವಳು ಚಹಾ ಸೋಸುತ್ತಲೇ ಹೇಳಿದಳು:

"ನೀ ಎಂತ ತಪ್ಪು ಮಾಡ್ದೆ? ಅದು ಸರಿಯೇ ತೋರ್ಸಿತ್ತು." ಜರಡಿ ಬದಿಗಿಟ್ಟು, "ಅವ್ರು ಕೇಳ್ದಾಗ ಒಂದು ಸಲ ತಪ್ಪು ಅಂತ ಹೇಳಿದ್ರೆ ಆತಿತ್ತು ತಂಗಿ. ನಂಗೆ ಇನ್ನು ನಾಕು ತಿಂಗ್ಳು ಸಾಕಿತ್ತು."

ನಾಲ್ಕು ತಿಂಗಳಲ್ಲಿ ಕೈ ಅರ್ಧದಷ್ಟಾದರೂ ಬರುತ್ತದೆ ಎಂದು ವ್ಯಾಯಾಮದವರು ಹೇಳಿದ್ದರಂತೆ. ನಡುವೆ ಬಿಡಬಾರದು ಎಂದೂ ಹೇಳಿದ್ದರಂತೆ.

ಹೊರಗೆ ಜಗಲಿಯಲ್ಲಿ ಅವಳ ಗಂಡ ಕೂತಿದ್ದರು. ನನ್ನನ್ನು ನೋಡಿ ನಕ್ಕು, ಕಂಪ್ಯೂಟರ್ ಹುಡುಗಿ ಬಂತಾ ಎಂದರು. ಅಕ್ಕ ಅವರಿಗೆ ನಾನು ಯಾರೆಂದು ಅಷ್ಟೇ ಹೇಳಿದ್ದಾಳೆ, ಉಳಿದದ್ದನ್ನು ಹೇಳಿಲ್ಲ ಎನ್ನುವುದು ಆ ನಗುವಿನಲ್ಲಿ ಗೊತ್ತಾಯಿತು. ಅಕ್ಕ ಚಹಾದ ಲೋಟವನ್ನು ಅವರ ಎಡಗಡೆಗೆ ಇಟ್ಟಳು. ಅವರು ಎಡಗೈಯಲ್ಲಿ ತೆಗೆದುಕೊಂಡರು. ಬಲಗೈ ತೊಡೆಯ ಮೇಲೆ ಮಡಚಿಕೊಂಡಿತ್ತು. ನಾನು ಅದನ್ನೇ ನೋಡುತ್ತಿರುವುದು ಅವರಿಗೆ ಕಂಡು, ಅದರ ಮೇಲೆ ಲುಂಗಿಯ ಅಂಚು ಎಳೆದುಕೊಂಡರು.

ಕೆಲಸ ಬಿಟ್ಟವರ ಹೆಸರು ತೆಗೆದುಹಾಕು ಎಂದು ಸರ್ ನನಗೆ ಎರಡು ಸಲ ಹೇಳಿದ್ದಾರೆ. ಬಾಕಿಯವರದ್ದು ತೆಗೆದಿದ್ದೇನೆ. ಅಕ್ಕನದ್ದಕ್ಕೆ ಮಾತ್ರ ಯಾರೂ ಒಳಬರದಂತೆ ಬೀಗ ಹಾಕಿ ಬಿಟ್ಟಿದ್ದೇನೆ. ಈಗಲೂ ಫಿಂಗರ್ ಎಂದು ಬರೆದು ಅವಳ ಹೆಸರು ಕೊಟ್ಟರೆ, ಒಂದು ಒತ್ತೂ ತಪ್ಪದೆ, ಇವರು ಇವತ್ತು ಬಲಗೈಯಲ್ಲಿ ಸ್ವಲ್ಪ ಹೊತ್ತು ಲೋಟ ಹಿಡಿದರು ಎಂದು ಬರುತ್ತದೆ. ಅದರ ಮೇಲಿನ ಸಾಲಿನಲ್ಲಿ, ಕೊನೆಯ ಸಲ ಒಳಬಂದದ್ದು ಆ ಮಂಗಳವಾರ.

ನೀವು ಇಷ್ಟುದ್ದ ಓದಿದ್ದಕ್ಕೆ ಒಂದು ಕೇಳುತ್ತೇನೆ. ನೀವು ಸರಿಯಾಗಿಯೇ ಮಾಡಿದ ಕೆಲಸವೊಂದು ಹೀಗೆ ಯಾರ ಮೇಲಾದರೂ ಬಿದ್ದದ್ದುಂಟಾ? ಇದ್ದರೆ ನನಗೆ ಬರೆಯಿರಿ. ಅವರ ಮನೆಗೆ ನೀವು ಎರಡನೇ ಸಲ ಹೋದಿರಾ, ಹೋಗಿ ಎಂತ ಮಾತಾಡಿದಿರಿ, ಅದನ್ನು ಬರೆಯಿರಿ. ನಾನಿನ್ನೂ ಹೋಗಿಲ್ಲ.